ಬಾದಾಮಿಯಲ್ಲಿ ಸಮುದ್ರ ಕಾದ ಹವಾಲ್ದಾರ ಕಾಕಾ

ಹಳೇ ಕೋಟೆಯ ಬುಡದಲ್ಲಿ ಊರು ಕಟ್ಟಿಕೊಂಡವರಿಗೆ ಇಂಥ ಫಜೀತಿಗಳು ತಪ್ಪಿದ್ದಲ್ಲ. ಐವತ್ತರ ದಶಕದ ನಮ್ಮ ಬಾದಾಮಿಯಲ್ಲಂತೂ ಆಗಾಗ ಒಂದು ಇದ್ದೇ ಇರುತ್ತಿತ್ತು. ಅದರಲ್ಲಿ ಅರ್ಧ ನಾನೇ ಮಾಡಿಸಿದ್ದು ಅಂತ ಊರವರು ಹೇಳುತ್ತಾರೆ. ಪಾಪ, ಒಳ್ಳೆಯ ಜನ, ಕಡಿಮೆ ಮಾಡಿ ಹೇಳುತ್ತಾರೆ.

ಆಗ ನಾನು ಬಂದವರಿಗೆ ಗುಹೆ, ಕೋಟೆ ತೋರಿಸುತ್ತ, ಗೊತ್ತಿಲ್ಲದ್ದನ್ನು ಗಟ್ಟಿಯಾಗಿ ಹೇಳುತ್ತ ಇದ್ದೆ. ಕೋಟೆ ಕಾಯಲು ಹವಾಲ್ದಾರ ಕಾಕಾ ಬಂದರು. ನಮ್ಮೂರವರೇ. ಪಲ್ಟನ್ ಸೇರಿ, ಮುಂಬೈ ಕಡೆ ಸಮುದ್ರದೊಳಗಿನ ಒಂದು ಸಣ್ಣ ನಡುಗಡ್ಡೆಯಲ್ಲಿ ತೋಫಿನ ಚಾಕರಿ ಮಾಡಿ, ಪಿಂಚಣಿಯಾಗಿ ಮರಳಿದ್ದರು. ವಿಕ್ಟೋರಿಯಾ ರಾಣಿಯ ಕಾಲಕ್ಕೆ ಇಂಗ್ರೇಜರು ಅಲ್ಲಿ ಗುಡ್ಡ ಕೊರೆದು ತೋಫು ಕೂಡ್ರಿಸಿದ್ದರಂತೆ, ನೆಲದೊಳಗೆ ಮದ್ದಿನ ಕೋಣೆ ಕಟ್ಟಿದ್ದರಂತೆ.

"ನನ್ನ ತೋಫಿನ ಬಾಜೂಕ ನಿಂತ್ರ ನೀ ಇರುವಿ ಕಂಡಂಗ ಕಾಣ್ತಿದ್ದಿ ಲೇ" ಎನ್ನುವರು ಕಾಕಾ.

ಅಡಿಗೆಮನೆಯಿಂದ ಅವರ ಹೆಂಡತಿ ಕಾಕೂ, "ಖರೆ ಐತಿ. ಆದ್ರ ಹಾರಿಸಿದ್ದು ಒಂದ ಗುಂಡೂ ಇಲ್ಲ!"

ಅದೂ ಖರೆ. ದಿನಾ ತೋಫು ಒರೆಸಿದ್ದು, ತಿರುಗಿಸಿದ್ದು, ಗುರಿ ಹಿಡಿದದ್ದು, ಮತ್ತೆ ಒರೆಸಿದ್ದು. ಅವರ ನೌಕರಿ ಮುಗಿಯುವ ತನಕ ವೈರಿ ಬರಲೇ ಇಲ್ಲ. ಕಣ್ಣು ಮುಚ್ಚುವುದರೊಳಗೆ ಒಮ್ಮೆ ತಮ್ಮ ಕೈಯಾರೆ ತೋಫು ಢಂ ಅನ್ನಬೇಕು, ಕಾಕೂ ಅದನ್ನು ಕೇಳಬೇಕು, ಇಷ್ಟೇ ಕಾಕಾನ ಆಸೆ.

ವೈರಿ ಹಡಗು

ಕಾಕಾ ಬುರುಜಿನ ಮೇಲೆ ನಿಂತು, ಹುಬ್ಬಿಗೆ ಕೈ ಹಚ್ಚಿ, ಕೆಳಗಿನ ಕೆರೆ ನೋಡುತ್ತಿದ್ದರು.

"ಏನ್ ನೋಡಾಕತ್ತೀರಿ ಕಾಕಾ?"

"ಹಡಗ."

"ಇದು ಕೆರಿ ರೀ!"

"ನೀರಂದ್ರ ನೀರ. ನಂಬಬಾರದು."

ಇಷ್ಟು ಕಾಯುವವರನ್ನು ನಿರಾಸೆ ಮಾಡುವುದು ಹೇಗೆ? ಮರುದಿನ ಒಂದು ಬುಟ್ಟಿಗೆ ಕೋಲು ನೆಟ್ಟು, ಬಂಡೆಯ ಮೇಲೆ ಒಣಹಾಕಿದ್ದ ಕೆಂಪು ಸೀರೆಯನ್ನು ಹಾಯಿ ಮಾಡಿ ತೇಲಿಬಿಟ್ಟೆ. ಕಾಕಾ ಸೀಟಿ ಊದುತ್ತ ಓಡಿ ಬಂದು, ಎದೆಮಟ ನೀರಿಗಿಳಿದು ಹಡಗನ್ನು ಕೈದು ಮಾಡಿದರು. ಮೆರವಣಿಗೆ ಮಾಡಿಕೊಂಡು ಮನೆಗೂ ಒಯ್ದರು.

ಬಾಗಿಲಲ್ಲಿ ನಿಂತ ಕಾಕೂ ಹಾಯಿ ಮುಟ್ಟಿ ನೋಡಿದರು. "ಇದು ನನ್ನ ಇಳಕಲ್ ಸೀರಿ!"

ಕಾಕಾ ಹೆಂಡತಿಗೆ ಶರಣಾದರು.

ಮದ್ದಿನ ಕೋಣೆ

ಕೋಟೆಯ ಮೇಲೆ ಹಳೇ ಕಾಳಿನ ಕಣಜ ಒಂದಿದೆ. ಕಾಕಾನ ಲೆಕ್ಕದಲ್ಲಿ ಅದು ಮದ್ದಿನ ಕೋಣೆ. ನಡುಗಡ್ಡೆಯಲ್ಲಿ ಅಂಥ ಕೋಣೆಗೆ ಕಬ್ಬಿಣ ತಾಗಿಸುವ ಹಾಗಿರಲಿಲ್ಲವಂತೆ, ಕಿಡಿ ಹಾರಿದರೆ ಕತೆ ಮುಗಿಯಿತು. ಒಮ್ಮೆ ಕೋಟೆ ನೋಡಲು ದೊಡ್ಡ ಸಾಹೇಬರು ಬಂದರು. ಕಾಕಾ ಕಣಜದ ಬಾಗಿಲಲ್ಲೇ ತಡೆದರು.

"ಬೂಟಿಗೆ ಕಬ್ಬಿಣದ ಮಳಿ ಅದಾವು. ಬಿಚ್ಚರಿ ಸಾಹೇಬ್ರ."

ಬಿಚ್ಚಿದರು.

"ನಡದ ಪಟ್ಟಾಕ್ಕ ಬಕ್ಕಲ್ ಐತಿ. ಅದೂ ಬಿಚ್ಚರಿ."

ಸಾಹೇಬರು ಎರಡೂ ಕೈಯಿಂದ ಪ್ಯಾಂಟು ಹಿಡಿದುಕೊಂಡು ಒಳಗೆ ಹೋದರು, ಹಾಗೇ ಹೊರಬಂದರು. "ಒಳಗ ಒಂದು ಬುತ್ತಿಗಂಟು ಬಿಟ್ರ ಏನೂ ಇಲ್ಲಲ್ರಿ?"

"ಅದ ರೀ. ಅದರಾಗ ನಮ್ಮಾಕಿ ಅರದ ಕೆಂಪಖಾರ ಐತಿ" ಎಂದರು ಕಾಕಾ. "ಮದ್ದಿಗಿಂತ ಹುಷಾರಾಗಿರಬೇಕು."

ಕಿಡಕಿ ತಗೀರಿ!

ಒಂದು ವರ್ಷ ಸ್ವಾತಂತ್ರ್ಯದ ದಿನಕ್ಕೆ ಗುಡ್ಡದ ಮೇಲಿನ ಹಳೇ ತೋಫನ್ನು ಬರೀ ಸಪ್ಪಳಕ್ಕೆ ಹಾರಿಸಬೇಕೆಂದು ಹಿರಿಯರು ಗೊತ್ತು ಮಾಡಿದರು. ಇಳಕಲ್ಲಿನ ಕಲ್ಲಗಣಿಯಿಂದ ಮದ್ದು ಬಂತು. ಹಾರಿಸುವವರು ಯಾರು? ಕಾಕಾ ಆಗಲೇ ಮೀಸೆಗೆ ಎಣ್ಣೆ ಹಚ್ಚಿದ್ದರು.

ನಡುಗಡ್ಡೆಯ ಕಾಯ್ದೆ ಪ್ರಕಾರ, ತೋಫು ಹಾರುವ ಮೊದಲು ಸುತ್ತಲಿನ ಮನೆಗಳ ಕಿಡಕಿ, ಬಾಗಿಲು ತೆಗೆದಿಡಬೇಕು. ಇಲ್ಲದಿದ್ದರೆ ಸಪ್ಪಳಕ್ಕೆ ಗಾಜು ಒಡೆಯುತ್ತದೆ.

"ನಮ್ಮ ಮನಿಗಳಿಗೆ ಗಾಜ ಎಲ್ಲಿ ಅದಾವು ಕಾಕಾ?" ಎಂದೆ.

"ಕಾಯ್ದೆ ಅಂದ್ರ ಕಾಯ್ದೆ. ಡಂಗುರ ಹೊಡಿ!"

ಹೊಡೆದೆ. ಊರೆಲ್ಲ ಬಾಗಿಲು ಹಾರಹೊಡೆದು ಕೆರೆ ದಂಡೆಗೆ ಬಂದು, ಕಿವಿಯಲ್ಲಿ ಬೆರಳಿಟ್ಟುಕೊಂಡು ಗುಡ್ಡ ನೋಡುತ್ತ ನಿಂತಿತು. ನಾನು ಗುಡ್ಡ ಹತ್ತಿ ಕಾಕಾನ ಪಕ್ಕಕ್ಕೆ ನಿಂತೆ. ಅವರು ಅಂಗಿಗೆ ಪಲ್ಟನ್ನಿನ ಬಿಲ್ಲೆ ಚುಚ್ಚಿಕೊಂಡಿದ್ದರು. ಬತ್ತಿಗೆ ಬೆಂಕಿ ಮುಟ್ಟಿಸಿದರು.

ಅದೇ ಗಳಿಗೆಗೆ ಊರ ಕಡೆಯಿಂದ ಚೀರಾಟ ಎದ್ದಿತು. ಬಾದಾಮಿಯ ಮಂಗಗಳು ಅಂಥ ದಿನಕ್ಕಾಗಿ ಎಷ್ಟು ತಲೆಮಾರು ಕಾದಿದ್ದವೋ! ಒಂದರ ಕೈಯಲ್ಲಿ ರೊಟ್ಟಿ, ಒಂದರ ಬಗಲಲ್ಲಿ ಬೆಲ್ಲದ ಗಡಿಗೆ. ಇನ್ನೊಂದು ಗೌಡರ ರುಮಾಲು ಸುತ್ತಿಕೊಂಡು ಮಾಳಿಗೆಯ ಮೇಲೆ ಕೂತಿತ್ತು. ಜನ ಬಾಯಿ ಬಡಿದುಕೊಳ್ಳುತ್ತ ಮನೆಗೆ ಓಡಿದರು.

ಗುಡ್ಡದ ಮೇಲೆ ಉಳಿದವರು ನಾವಿಬ್ಬರೇ. ಹೊಗೆಯೊಳಗೆ ಕಾಕಾ ಕಣ್ಣು ಒರೆಸಿಕೊಳ್ಳುತ್ತ ಕೇಳಿದರು, "ಹಾರಿತೇನಲೇ?"

ತೋಫು ಫುಸ್ ಅಂದಿತ್ತು.

"ಹಾರಿತ್ರಿ ಕಾಕಾ! ನನ್ನ ಕಿವಿ ಇನ್ನೂ ಗುಂಯ್ ಅನ್ನಾಕತ್ತಾವು!"

ಬೇರೆ ಸಾಕ್ಷಿ ಇರಲಿಲ್ಲವಾದ್ದರಿಂದ, ಗುಂಡು ಕುಳಗೇರಿ ಕ್ರಾಸ್ ತನಕ ಹೋಯಿತೆಂದು ನಾನು ಇವತ್ತಿಗೂ ಹೇಳುತ್ತೇನೆ. ಗುಂಡು ಹಾಕಿಯೇ ಇರಲಿಲ್ಲ ಎಂಬುದು ಯಾರಿಗೂ ನೆನಪಾಗಿಲ್ಲ.

ಕಾಕಾ ಎದೆ ಉಬ್ಬಿಸಿಕೊಂಡು ಮನೆಗೆ ಹೋದರು. ಕಾಕೂ ಖಾಲಿ ರೊಟ್ಟಿಬುಟ್ಟಿ ಹಿಡಿದು ನಿಂತಿದ್ದರು. ಕಿಡಕಿಯಲ್ಲಿ ಒಂದು ಮಂಗ ಸಾವಕಾಶ ಊಟ ಮುಗಿಸುತ್ತಿತ್ತು.

"ಕೇಳಿದೇನ? ಹಾರಿಸಿದೆ!" ಎಂದರು ಕಾಕಾ.

"ನೌಕರಿ ಮುಗಿಯೂ ತನಕ ಒಬ್ಬ ವೈರೀನೂ ಬರಲಿಲ್ಲ ಅಂತ ಹಳಹಳಿಸ್ತಿದ್ರಿ" ಎಂದರು ಕಾಕೂ. "ಕಡೀಕ ನೀವ ಡಂಗುರಾ ಹೊಡಸಿ, ಬಾಗಲಾ ತಗಸಿ ಕರದ್ರಿ ನೋಡ್ರಿ!"