ಮುಂದಕ್ಕೂ ಹಿಂದಕ್ಕೂ ಒಟ್ಟಿಗೇ ಓಡಿದ ಕಾರು

"ಈ ಭಾನುವಾರದ ರೇಸಲ್ಲಿ ನನ್ನ ಕಾರು ಕೊನೆಗೆ ಬಂದ್ರೆ, ಇನ್ನು ಈ ಜನ್ಮದಲ್ಲಿ ರಿಮೋಟ್ ಮುಟ್ಟಲ್ಲ!"

ಹೀಗೆಂದು ಊಟದ ಮೇಜು ಗುದ್ದಿ ಶಪಥ ಮಾಡಿದವರು ಭೌತಶಾಸ್ತ್ರದ ಮೇಷ್ಟ್ರು. ಕಾರೆಂದರೆ ಮನೆ ಮುಂದೆ ನಿಲ್ಲಿಸುವಂಥದ್ದಲ್ಲ. ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದದ, ರಿಮೋಟಿನಿಂದ ಓಡುವ ರೇಸ್ ಕಾರು. ಕ್ಲಬ್ಬಿನ ಕಳೆದ ಮೂರು ರೇಸುಗಳಲ್ಲಿ ಅದು ಕೊನೆಯ ಸ್ಥಾನವನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಸೋತದ್ದಾದರೂ ಸಹಿಸಬಹುದಿತ್ತು, ಆದರೆ ಮೂರೂ ಸಲ ಗೆದ್ದವರು ಹೆಂಡತಿಯ ತಮ್ಮ, ಹಲ್ಲಿನ ಡಾಕ್ಟರು! "ಭಾವ, ನಿಮ್ಮ ಕಾರು ಪಾರ್ಕ್ ಮಾಡಿದ್ದೀರಾ ಅಂದ್ಕೊಂಡೆ" ಎಂದು ಅಷ್ಟು ಜನರೆದುರು ಬೇರೆ ಅಂದಿದ್ದರು.

"ಕೇಳಿಸ್ಕೊಂಡೆ. ನೆನಪಿಟ್ಕೊತೀನಿ" ಎಂದರು ಹೆಂಡತಿ, ಹೊಲಿಗೆ ಯಂತ್ರದಿಂದ ತಲೆಯೆತ್ತದೆ.

"ತಪ್ಪು ನನ್ನದಲ್ಲ ಕಣೇ, ಗೇರಿನದು! ಇಪ್ಪತ್ತು ವರ್ಷ ಘರ್ಷಣೆಯ ಪಾಠ ಮಾಡಿದವನು ನಾನು. ಇವತ್ತು ಆ ಕಾರಿನ ಘರ್ಷಣೆಯನ್ನ ಬುಡಸಮೇತ ಕೀಳ್ತೀನಿ."

"ಏನಾದ್ರೂ ಕೀಳಿ. ಮಧ್ಯಾಹ್ನದೊಳಗೆ ಮೇಜು ಬಿಟ್ಕೊಡಿ. ತಮ್ಮನ ಕ್ಲಿನಿಕ್ಕಿನ ಪರದೆ ಕತ್ತರಿಸ್ಬೇಕು."

ಮೇಷ್ಟ್ರು ಕಾರು ಬಿಚ್ಚಿದರು. ಮೋಟಾರಿನ ಪುಟ್ಟ ಗೇರು, ಅದು ತಿರುಗಿಸುವ ದೊಡ್ಡ ಗೇರು, ಮುಂದಿನಿಂದ ಹಿಂದಕ್ಕೆ ಹೋಗುವ ಕಂಬಿ, ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಡಬ್ಬಿಗಳು ಮುಂದೊಂದು, ಹಿಂದೊಂದು. ಅರ್ಧ ಗಂಟೆಯಲ್ಲಿ ಮೇಜಿನ ತುಂಬ ಕಾರೇ ಕಾರು! ಒಂದು ಬೇರಿಂಗ್ ಉರುಳಿ ಫ್ರಿಜ್ಜಿನಡಿ ಸೇರಿತು. ಅದನ್ನು ಸ್ಕೇಲಿನಿಂದ ಎಳೆಯಲು ಮೇಷ್ಟ್ರು ಹೊಟ್ಟೆಯ ಮೇಲೆ ಮಲಗಿ ಒಂದು ಪೂರ್ತಿ ಪೀರಿಯಡ್ ಕಳೆದರು.

ಜೋಡಿಸುವಾಗ ರೇಸಿನವರದೊಂದು ಉಪಾಯವಿದೆ. ಎರಡು ಗೇರುಗಳ ನಡುವೆ ಕಾಗದದ ಪಟ್ಟಿಯಿಟ್ಟು ಒತ್ತಿ, ಸ್ಕ್ರೂ ಬಿಗಿದು, ಕಾಗದವನ್ನು ಹೊರಗೆಳೆದರೆ ನಡುವಿನ ಸಂದು ಸರಿಯಾಗಿ ಉಳಿಯುತ್ತದೆ. ಮೇಷ್ಟ್ರು ಕೈಗೆ ಸಿಕ್ಕಿದ ಕಾಗದವನ್ನು ಹರಿದರು, ಇಟ್ಟರು, ಬಿಗಿದರು, ಎಳೆದರು.

"ರೀ, ಇಲ್ಲಿ ಪರದೆ ಅಳತೆಯ ಚೀಟಿ ಇತ್ತಲ್ಲ?"

ಮೇಷ್ಟ್ರು ಕೈಯಲ್ಲಿದ್ದ ಪಟ್ಟಿಯನ್ನು ನೋಡಿದರು. ಅದರಲ್ಲಿ ಬರೆದಿದ್ದ ಅಗಲವನ್ನು ಗೇರಿನ ಹಲ್ಲು ಸಾಲಾಗಿ ಕಚ್ಚಿತ್ತು. ಉದ್ದ ಬರೆದಿದ್ದ ಚೂರು ಎಲ್ಲೋ ಹೋಗಿತ್ತು.

"ಹಲ್ಲಿನ ಡಾಕ್ಟರ ಪರದೆ ತಾನೆ? ಹಲ್ಲಿನ ಗುರುತಿದ್ರೆ ಶೋಭೆನೇ!"

ಹೆಂಡತಿ ನಗಲಿಲ್ಲ. ತಮ್ಮನಿಗೆ ಫೋನು ಮಾಡಿ ಅಳತೆ ಮತ್ತೆ ಕೇಳಿಕೊಂಡು, ಮೇಜಿನ ಅರ್ಧಕ್ಕೆ ಬಟ್ಟೆ ಹಾಸಿದರು. ಬಟ್ಟೆಯ ಅಂಚು ನೆಲದವರೆಗೆ ಇಳಿದಿತ್ತು. ಅದೇ ನೆಲದ ಮೇಲೆ ಮೇಷ್ಟ್ರು ಕಾರನ್ನಿಟ್ಟು, ಮಹಾರಥಿಯ ಗತ್ತಿನಲ್ಲಿ ರಿಮೋಟ್ ಒತ್ತಿದರು.

ಕಾರು ಕದಲಲಿಲ್ಲ. ನಿಂತಲ್ಲೇ ಗಡಗಡ ನಡುಗಿತು, ಕಿರುಚಿತು, ಸುಟ್ಟ ರಬ್ಬರಿನ ವಾಸನೆ ಮನೆಯೆಲ್ಲ ಹರಡಿತು.

"ನೋಡೇ ಶಕ್ತಿ! ಕಟ್ಟಿಹಾಕಿದ ಹುಲಿ!" ಎನ್ನುತ್ತ ಮೇಷ್ಟ್ರು ಪೂರ್ತಿ ಒತ್ತಿದರು.

ಹುಲಿ ಸರ್ರನೆ ಹಿಂದಕ್ಕೆ ಜಾರಿ, ಬಟ್ಟೆಯ ಅಂಚನ್ನು ಹಿಂದಿನ ಚಕ್ರಕ್ಕೆ ಸುತ್ತಿಕೊಂಡು ಎಳೆಯಿತು. ಬಟ್ಟೆಯ ಹಿಂದೆ ಗ್ರೀಸಿನ ಡಬ್ಬಿ ಬಂತು, ಕತ್ತರಿ ಬಂತು, ಮೇಷ್ಟ್ರ ಕಾಫಿ ಬಂತು. ಕೊನೆಗೆ ನೆಲದ ಮೇಲೆ ಉಳಿದದ್ದು ಒಂದು ಬಟ್ಟೆಗಂಟು, ಒಳಗಿಂದ ಸಣ್ಣಗೆ ಕುಂಯ್‌ಗುಡುತ್ತಿತ್ತು!

"ಕ್ರಿಯೆಗೆ ಪ್ರತಿಕ್ರಿಯೆ…" ಎಂದು ಮೇಷ್ಟ್ರು ಪಾಠ ಶುರುಮಾಡಿದರು.

"ಬಾಯ್ಮುಚ್ಚಿ, ಇಲ್ಲಿ ಕೊಡಿ."

ಹೆಂಡತಿ ಗಂಟು ಬಿಡಿಸಿ, ಕಾರನ್ನು ಎತ್ತಿ ಹಿಡಿದು, ಮುಂದಿನ ಚಕ್ರವನ್ನು ಕೈಯಿಂದ ತಿರುಗಿಸಿದರು. ಹಿಂದಿನದು ಉಲ್ಟಾ ತಿರುಗಿತು.

"ಮುಂದಿನ ಚಕ್ರ ಮುಂದಕ್ಕೆ, ಹಿಂದಿನದು ಹಿಂದಕ್ಕೆ! ಹೊಲಿಗೆ ಯಂತ್ರದ ಬೆಲ್ಟನ್ನ ತಿರುಚಿ ಹಾಕಿದ್ರೂ ಹೀಗೇ ಆಗೋದು. ಹಿಂದಿನ ಡಬ್ಬಿಯನ್ನ ಮಗುಚಿ ಕೂರ್ಸಿದ್ದೀರಿ."

ನಾಲ್ಕು ಸ್ಕ್ರೂ ಬಿಚ್ಚಿ, ಡಬ್ಬಿಯನ್ನು ತಿರುವಿ ಹಾಕಿದರು. ಗೇರಿನ ಸಂದಿಗೆ ಕಾಗದ ಕೇಳಲೇ ಇಲ್ಲ. ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಿರುಗಿಸಿದರು. "ಗೊರಗೊರ ಅಂದ್ರೆ ಬಿಗಿ, ಟಕಟಕ ಅಂದ್ರೆ ಸಡಿಲ. ಅಷ್ಟೇ."

"ನಾನೂ ಅದನ್ನೇ ಹೇಳೋನಿದ್ದೆ" ಎಂದರು ಮೇಷ್ಟ್ರು.

ಭಾನುವಾರ ಕಾರು ಬೆಣ್ಣೆಯಿಂದ ಕೂದಲು ತೆಗೆದಂತೆ ಹೊರಟಿತು. ಮೇಷ್ಟ್ರ ಎದೆ ಉಬ್ಬಿತು. ಮೊದಲ ತಿರುವಿನಲ್ಲೇ ಅದು ನೇರವಾಗಿ ತಡೆಗೋಡೆಗೆ ನುಗ್ಗಿತು. ಎರಡನೆಯದರಲ್ಲಿ ಪಲ್ಟಿ. ಮೂರನೆಯದರಲ್ಲಿ ಬೇರೆಯವರ ಕಾರನ್ನೂ ಜೊತೆಗೆ ಕರೆದುಕೊಂಡು ಪಲ್ಟಿ! ಹಿಂದೆಲ್ಲ ಗೇರನ್ನು ಬೈಯುತ್ತಿದ್ದರು. ಈಗ ಬೈಯಲು ಹುಡುಕಿದರೆ ಕಾರಿನಲ್ಲಿ ಒಂದು ದೋಷವೂ ಸಿಗಲಿಲ್ಲ, ಪಾಪ. ಐದು ಸುತ್ತು ಹಿಂದೆ ಬಿದ್ದು, ಕೊನೆಯವರಾಗಿ ಮುಗಿಸಿದರು.

ಡಾಕ್ಟರು ಬಂದು ಕಾರನ್ನೆತ್ತಿ ಚಕ್ರ ತಿರುಗಿಸಿದರು. ಅದು ಸದ್ದಿಲ್ಲದೆ ತಿರುಗುತ್ತಲೇ ಇತ್ತು.

"ಭಾವ, ಇಂಥ ಗೇರು ಕ್ಲಬ್ಬಲ್ಲಿ ಯಾರ ಹತ್ರಾನೂ ಇಲ್ಲ! ಇನ್ನೊಂದೇ ಒಂದು ಬದಲಾಯಿಸಿದ್ರೆ ಕಪ್ ನಿಮ್ಮನೆಗೇ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಒಂದು ಕೈಯಲ್ಲಿ ರಿಮೋಟ್ ಹಿಡಿದೇ, ಇನ್ನೊಂದರಿಂದ ಬರೆದುಕೊಳ್ಳಲು ಪೆನ್ನು ತೆಗೆದರು. "ಯಾವ ಭಾಗ? ಬೇಗ ಹೇಳಪ್ಪಾ!"

ಡಾಕ್ಟರು ಅಕ್ಕನ ಕಡೆ ನೋಡಿದರು. ಅಕ್ಕ ಆಗಲೇ ರಿಮೋಟಿಗೆ ಕೈ ಚಾಚಿ ನಿಂತಿದ್ದರು.