ಸರೋಜಾ ಆಂಟಿಗೆ ಡ್ರಮ್ಮು ಕಲಿಸಿದ್ದು

ಸಂಗೀತ ಬಲ್ಲವರಿಗೆ ಎಲ್ಲಿ ಹೋದರೂ ಗೌರವ ಎನ್ನುತ್ತಾರೆ. ವೀಣೆ ನುಡಿಸುವವರಿಗೆ, ಕೊಳಲೂದುವವರಿಗೆ ಇರಬಹುದು. ಡ್ರಮ್ಮು ಬಾರಿಸುವವನಿಗೆ ಸಿಗುವುದು ಗೌರವವಲ್ಲ, ನೋಟೀಸು. ಹನ್ನೊಂದು ವರ್ಷ ಒಂದು ರಾಕ್ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸಿದವನಾಗಿ ಈ ಮಾತು ಹೇಳುತ್ತಿದ್ದೇನೆ. ಈಗ ಕೆಂಡಲ್ ಪಾರ್ಕ್ ಎಂಬ ಊರಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಮಕ್ಕಳಿಗೆ ಅದನ್ನೇ ಕಲಿಸುತ್ತೇನೆ. ನಮ್ಮವರ ಬಾಯಲ್ಲಿ ನಾನು ‘ಡ್ರಮ್ ಮೇಷ್ಟ್ರು’. ಬ್ಯಾಂಡಿನಲ್ಲಿದ್ದಾಗ ಯಾರಾದರೂ ನನ್ನನ್ನು ಮೇಷ್ಟ್ರು ಅಂದಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಈಗ ಯಾರಾದರೂ ಅನ್ನದಿದ್ದರೆ ಮುಖ ಊದಿಸಿಕೊಳ್ಳುತ್ತೇನೆ.

ನಾನು ಮೈಸೂರಿನಿಂದ ಅಪ್ಪ ಅಮ್ಮನ ಜೊತೆ ಅಮೆರಿಕದ ಪಾರ್ಸಿಪನಿಗೆ ಬಂದಾಗ ನನಗೆ ಹದಿನೈದು. ಹೊಸ ಶಾಲೆಯಲ್ಲಿ ಬಾಯಿ ಬಿಡದೆ ಮಂಕಾಗಿ ಕೂತಿರುತ್ತಿದ್ದ ಮಗ ಏನಾದರೂ ಸದ್ದು ಮಾಡಲಿ ಎಂದು ಅಪ್ಪ ಯಾರೋ ಬಳಸಿ ಬಿಟ್ಟ ಡ್ರಮ್ ಸೆಟ್ಟೊಂದನ್ನು ತಂದುಕೊಟ್ಟರು. ಮಗ ಸದ್ದು ಮಾಡಿದ. ಕೆಳಗಿನ ಅಪಾರ್ಟ್‌ಮೆಂಟಿನಲ್ಲಿದ್ದವರು ಧಾರವಾಡದ ಸರೋಜಾ ಆಂಟಿ. ಅವರ ಯಜಮಾನರಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ನೈಟ್ ಶಿಫ್ಟ್, ಹಗಲೆಲ್ಲ ನಿದ್ದೆ. ನಾನು ಮೇಲೆ ಶುರು ಮಾಡಿದರೆ ಆಂಟಿ ಕೆಳಗಿನಿಂದ ಪೊರಕೆಯ ಹಿಡಿಯಲ್ಲಿ ಛಾವಣಿಗೆ ಕುಟ್ಟುತ್ತಿದ್ದರು. ಪಾಪ, ಆಂಟಿ ತಾಳ ಹಾಕುತ್ತಿದ್ದಾರೆ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಉತ್ತೇಜನ ಸಿಕ್ಕಿತೆಂದು ಇನ್ನಷ್ಟು ಜೋರಾಗಿ ಬಾರಿಸುತ್ತಿದ್ದೆ. ಒಂದು ದಿನ ಮ್ಯಾನೇಜ್‌ಮೆಂಟಿನಿಂದ ನೋಟೀಸು ಬಂತು. ಡ್ರಮ್ಮು ಮನೆ ಖಾಲಿ ಮಾಡಬೇಕು, ಇಲ್ಲವೇ ನಾವು. ಅಪ್ಪ ಮರುಮಾತಾಡದೆ ಸೆಟ್ಟನ್ನು ಕಾರಿಗೆ ತುಂಬಿ ನನ್ನ ಸಹಪಾಠಿಯೊಬ್ಬನ ಗರಾಜಿಗೆ ಸಾಗಿಸಿದರು. ಆ ಗರಾಜಿನಲ್ಲಿ ಅವನ ಗಿಟಾರಿತ್ತು. ಬ್ಯಾಂಡು ಹುಟ್ಟಿದ್ದು ಹಾಗೆ.

ಹನ್ನೊಂದು ವರ್ಷ ನಾವು ನಾಲ್ವರು ಒಂದು ಹಳೆಯ ವ್ಯಾನಿನಲ್ಲಿ ಜಾರ್ಜ್ ವಾಷಿಂಗ್ಟನ್ ಬ್ರಿಡ್ಜ್ ದಾಟಿ ಮ್ಯಾನ್‌ಹ್ಯಾಟನ್ನಿನ ಸಣ್ಣಪುಟ್ಟ ಕ್ಲಬ್ಬುಗಳಲ್ಲಿ ಬಾರಿಸಿದೆವು. ಕೂದಲು ಬೆನ್ನಿನ ಮಧ್ಯದವರೆಗೆ ಇತ್ತು. ಅಮ್ಮ ಊರಿನ ನೆಂಟರಿಗೆ ಫೋನಿನಲ್ಲಿ, “ಅವನು ಮ್ಯೂಸಿಕ್ ಲೈನಲ್ಲಿದ್ದಾನೆ, ಲಯದ ಕಡೆ,” ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದರು. ನೆಂಟರು ಮೃದಂಗ ಎಂದುಕೊಂಡರೆ ಅದು ಅವರ ತಪ್ಪು. ಒಮ್ಮೆ ರೆಕಾರ್ಡ್ ಕಂಪನಿಯವನೊಬ್ಬ ನಮ್ಮನ್ನು ಕೇಳಲು ಬಂದ. ಎರಡು ಹಾಡು ತಲೆದೂಗಿ ಕೇಳಿದ. ಮೂರನೆಯದರ ನಡುವೆ ಫೋನು ಬಂತೆಂದು ಹೊರಗೆ ಹೋದವನು ತಿರುಗಿ ಬರಲಿಲ್ಲ. ಅವನು ಬಂದಾನೆಂದು ನಾವು ಅದೇ ಹಾಡನ್ನು ಮತ್ತೆರಡು ಸಲ ಬಾರಿಸಿದೆವು. ಆಮೇಲೆ ಹಾಡುವವನು ಹೆಂಡತಿಯ ಊರಿಗೆ ಹೋದ, ಗಿಟಾರಿನವನು ಇನ್ಶೂರೆನ್ಸ್ ಕಡೆ ಹೋದ. ಅಷ್ಟು ವರ್ಷದ ಸದ್ದಿಗೆ ನನ್ನ ಬಲಗಿವಿಯಲ್ಲಿ ಒಂದು ಜೀರುಂಡೆ ಕಾಯಂ ಆಗಿ ಮನೆ ಮಾಡಿತು. ಕೂದಲು ಕತ್ತರಿಸಿಕೊಂಡು, ಮಾಲಿನಿಯನ್ನು ಮದುವೆಯಾಗಿ, ಮೇಷ್ಟ್ರಾದೆ.

ನನ್ನ ಹತ್ತಿರ ಬರುವ ಮಕ್ಕಳಿಗಿಂತ ಅವರ ತಂದೆ ತಾಯಂದಿರಿಗೆ ಉತ್ಸಾಹ ಹೆಚ್ಚು. “ಸರ್, ಕಾಲೇಜ್ ಅಪ್ಲಿಕೇಶನ್‌ಗೆ ಹೆಲ್ಪ್ ಆಗೋ ಹಾಗೆ ಹೇಳ್ಕೊಡಿ,” ಎಂದು ಒಬ್ಬ ತಾಯಿ ಹೇಳಿದ್ದರು. ಆ ಮಗು ಐದೈದು ನಿಮಿಷಕ್ಕೆ, “ಅಂಕಲ್, ಆರ್ ವಿ ಡನ್?” ಎನ್ನುತ್ತಿತ್ತು.

ಹೋದ ವರ್ಷ ಎಲೆ ಉದುರುವ ಹೊತ್ತಿಗೆ ಒಂದು ಶನಿವಾರ ಬಾಗಿಲು ತೆರೆದರೆ ಎದುರಿಗೆ ಸರೋಜಾ ಆಂಟಿ. ಇಳಕಲ್ ಸೀರೆ, ಬಿಳಿ ಸ್ನೀಕರ್ಸ್, ಪೂರ್ತಿ ನರೆತ ತಲೆ. ಮೂರೂವರೆ ದಶಕ ಕಳೆದರೂ ನನಗೆ ಮೊದಲು ಹೊಳೆದದ್ದು ಒಂದೇ. ಇಲ್ಲಿಯ ಸದ್ದು ಪಾರ್ಸಿಪನಿಯವರೆಗೂ ಕೇಳಿಸಿತೇ?

“ಒಳಗ ಕರೀತಿಯೋ ಇಲ್ಲೋ? ಡ್ರಮ್ ಕಲೀಲಿಕ್ಕೆ ಬಂದೇನಿ,” ಅಂದರು.

ಯಜಮಾನರು ತೀರಿಕೊಂಡು ವರ್ಷವಾಗಿತ್ತಂತೆ. ಹತ್ತಿರದಲ್ಲೇ ಮಗಳ ಮನೆಗೆ ಬಂದಿದ್ದವರಿಗೆ ಯಾರೋ ‘ಡ್ರಮ್ ಮೇಷ್ಟ್ರ’ ಸುದ್ದಿ ಹೇಳಿದ್ದರು. ಮಗಳು, ಅಳಿಯ ಬೆಳಗಾದರೆ ಆಫೀಸಿಗೆ. ಮೊಮ್ಮಕ್ಕಳ ಕಿವಿಯಲ್ಲಿ ಸದಾ ಇಯರ್‌ಫೋನು. “ಜೀವನಪೂರ್ತಿ ಎಲ್ಲಾರಿಗೂ ಸುಮ್ಮನಿರ್ರಿ, ಸುಮ್ಮನಿರ್ರಿ ಅಂದೆ, ತಮ್ಮಾ. ಈಗ ನೋಡು, ಎಲ್ಲಾರೂ ಸುಮ್ಮನಾಗ್ಯಾರ.”

ಶಿಷ್ಯೆಯಾಗಿ ಆಂಟಿ ಅಪರೂಪದವರು. ಕಾಲು ಪೆಡಲಿಗೆ ಎಟುಕುತ್ತಿರಲಿಲ್ಲ. ಸೀಟನ್ನು ತಗ್ಗಿಸಿ ಮುಂದೆ ಎಳೆದುಕೊಟ್ಟೆ. ಸೀರೆಯ ನೆರಿಗೆ ಪೆಡಲಿಗೆ ಸಿಕ್ಕಿಕೊಂಡಿತು. ಮರುವಾರದಿಂದ ಚೂಡಿದಾರದಲ್ಲಿ ಬಂದರು. ಆದರೆ ಕೈ? ಅರವತ್ತು ವರ್ಷ ಜೋಳದ ರೊಟ್ಟಿ ಬಡಿದ ಕೈ. ಮಕ್ಕಳು ಮೂರು ತಿಂಗಳಲ್ಲಿ ಕಲಿಯದ ಸಮ ಏಟನ್ನು ಅವರು ಮೂರನೇ ಪಾಠಕ್ಕೆ ಹಾಕಿದರು. ನಾನು ಹೊಗಳಿದರೆ, “ಇದರಾಗೇನೈತಿ? ರೊಟ್ಟಿ ಹರೀಬಾರದು, ಅಷ್ಟ,” ಎಂದರು.

ಒಂದು ದಿನ ಪಾಠದ ನಡುವೆ ಆಂಟಿ ಸ್ಟಿಕ್ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟರು. ಕೈ ನೋವೇನೋ ಎಂದು ನೀರು ತಂದುಕೊಟ್ಟೆ.

“ನೋಟೀಸ್ ಬಂತಲ್ಲ ನಿಮಗ, ಆ ಪತ್ರ ಬರದಾಕಿ ನಾನು,” ಅಂದರು.

“ಗೊತ್ತು ಆಂಟಿ.”

“ಇನ್ನೊಂದು ಗೊತ್ತಿಲ್ಲ ನಿನಗ. ನಿನ್ನ ಡ್ರಮ್ ನಿಂತ ಮ್ಯಾಲೆ ನಮ್ಮ ಮನಿಯವರಿಗೆ ನಿದ್ದಿನೇ ಹತ್ತಲಿಲ್ಲ. ‘ಮ್ಯಾಲಿನ ಹುಡುಗ ಯಾಕ ಬಾರಸವಲ್ಲ? ಏನರೆ ಆರಾಮಿಲ್ಲೇನು, ಕೇಳಿಕೊಂಡು ಬಾ’ ಅಂತ ದಿನಾ ಅಂತಿದ್ರು. ಕಂಪ್ಲೇಂಟ್ ಮಾಡಿದಾಕಿ ನಾನಂತ ಕಡೀತನಕ ಹೇಳಲಿಲ್ಲ.”

ಕ್ಲಬ್ಬುಗಳಲ್ಲಿ ಎಷ್ಟೋ ಜನ ನನಗೆ ಚಪ್ಪಾಳೆ ತಟ್ಟಿದ್ದಾರೆ. ನನ್ನ ಡ್ರಮ್ಮಿನ ಸದ್ದಿಲ್ಲದೆ ಒಬ್ಬರಿಗೆ ನಿದ್ದೆ ಬರುತ್ತಿರಲಿಲ್ಲ ಎಂದು ಕೇಳಿದ್ದು ಅದೇ ಮೊದಲು. ಮೇಷ್ಟ್ರಿಗೆ ಗೊತ್ತಿರುವುದು ಒಂದೇ ಮಾತು: “ಮೊದಲಿಂದ ಶುರು ಮಾಡೋಣ, ಆಂಟಿ. ಒನ್, ಟೂ...” ಅವರು ಕಣ್ಣೊರೆಸಿಕೊಂಡು ಶುರು ಮಾಡಿದರು. ಅವತ್ತು ಮೊದಲ ಬಾರಿಗೆ ಅವರ ಕೈಯೂ ಕಾಲೂ ಜೊತೆಯಾದವು. ಮೇಲಿನಿಂದ ಮಾಲಿನಿ ಇಳಿದು ಬಂದು, “ಈಗ ಬಾರಿಸಿದ್ದು ನೀವಾ?” ಎಂದು ನನ್ನನ್ನು ಕೇಳಿದಳು. ಆಂಟಿಯ ಮುಖ ನೋಡಬೇಕಿತ್ತು.

ಈ ಬೇಸಿಗೆಯಲ್ಲಿ ಆಂಟಿ ಸೀನಿಯರ್ ಸೆಂಟರಿನ ಬ್ಯಾಂಡು ಸೇರಿದರು. ನಿವೃತ್ತರೇ ಕಟ್ಟಿಕೊಂಡ ಬ್ಯಾಂಡು; ಊರೂರಿನ ಪಾರ್ಕುಗಳಲ್ಲಿ ಅವರಿಗೆ ಪ್ರತಿ ವಾರಾಂತ್ಯ ಕಾರ್ಯಕ್ರಮ. ನಮ್ಮ ಬ್ಯಾಂಡಿಗೆ ಅದರ ಒಳ್ಳೆಯ ಕಾಲದಲ್ಲೂ ಅಷ್ಟು ಬೇಡಿಕೆ ಇರಲಿಲ್ಲ. ಮೊನ್ನೆ ಆಂಟಿ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ ಹಿಡಿದು ಬಂದರು.

“ತಮ್ಮಾ, ನಮ್ಮ ಬ್ಯಾಂಡಿಗೆ ಇನ್ನೊಬ್ಬ ಡ್ರಮ್ಮರ್ ಬೇಕಂತ. ನಿನ್ನ ಹೆಸರು ಹೇಳಿದೆ. ನನ್ನ ಗುರು ಅಂದೆ.”

ಬಹಳ ವರ್ಷಗಳ ನಂತರ ಎದೆಯೊಳಗೆ ಆ ಹಳೆಯ ಏಟು ಬಿತ್ತು. “ಏನಂದ್ರು?” ಎಂದೆ, ಆಸೆ ತೋರಗೊಡದೆ.

“ವಯಸ್ಸೆಷ್ಟು ಅಂದ್ರು. ಐವತ್ತೆರಡು ಅಂದೆ. ಅರವತ್ತು ಆಗಿರಬೇಕಂತ. ಭಾಳ ಸಣ್ಣಾಂವ ಅಂದ್ರು.” ನನ್ನ ಮುಖ ಸಪ್ಪಗಾದದ್ದನ್ನು ನೋಡಿ ಬೆನ್ನು ತಟ್ಟಿದರು. “ಚಿಂತಿ ಮಾಡಬ್ಯಾಡ. ಎಂಟು ವರ್ಷ ಚಲೋ ಪ್ರ್ಯಾಕ್ಟೀಸ್ ಮಾಡು.”

ಪ್ರ್ಯಾಕ್ಟೀಸ್ ಮಾಡುತ್ತಿದ್ದೇನೆ. ಅದರ ಜೊತೆಗೆ, ಯಾರಿಗೂ ಹೇಳದೆ, ಕೂದಲಿಗೆ ಬಣ್ಣ ಹಚ್ಚುವುದನ್ನೂ ನಿಲ್ಲಿಸಿದ್ದೇನೆ. ಮಾಲಿನಿ ಇದನ್ನು ವೈರಾಗ್ಯ ಎಂದುಕೊಂಡಿದ್ದಾಳೆ.