ಸಿದ್ದರಾಮು ಬಸ್ಸು ಕೇಳಿದ್ದು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಬಾಳೆ ಎಲೆ. ಎಲೆ ಹಾಸಿದವರದೇ ತಪ್ಪು ಅಂತ ಸಿದ್ದರಾಮು ಇವತ್ತಿಗೂ ವಾದ ಮಾಡ್ತಾನೆ. ಅದನ್ನು ನಂಬೋರು ಮಳವಳ್ಳೀಲಿ ಯಾರೂ ಇಲ್ಲ.

ಸಿದ್ದರಾಮು ವಿಧಾನ ಪರಿಷತ್ತಿನ ಸದಸ್ಯ. ಆರಿಸಿ ಹೋಗಿ ಐದು ವರ್ಷವಾದರೂ ಸದನದಲ್ಲಿ ಅವನು ಆಡಿದ ಮಾತು ಒಂದೇ. "ಏಸಿ ವಸಿ ಕಮ್ಮಿ ಮಾಡ್ರಪ್ಪ, ಚಳಿ." ಆಗಲೂ ಮೈಕು ಆಫ್ ಆಗಿತ್ತು. ಪಕ್ಷದ ಅಧ್ಯಕ್ಷರು ರೋಸಿಹೋಗಿ, "ಈ ಅಧಿವೇಶನದಲ್ಲೂ ಬಾಯಿ ಬಿಡದೆ ಹೋದ್ರೆ, ಮುಂದೆ ಟಿಕೆಟ್ ಕೇಳೋಕೂ ಬಾಯಿ ಬಿಡ್ಬೇಡಿ" ಅಂದಿದ್ದರು.

ಅವತ್ತು ಅಧಿವೇಶನದ ಕಡೇ ದಿನ. ಮುತ್ತತ್ತಿ ರಸ್ತೆಯ ಹಳ್ಳಿಗಳಿಗೆ ಬಸ್ಸು ಕೇಳೋಕೆ ಸಿದ್ದರಾಮುಗೆ ಮಧ್ಯಾಹ್ನದ ಮೇಲೆ ಅವಕಾಶ ಸಿಕ್ಕಿತ್ತು. ಬೆಳಗಾಗುತ್ತಲೇ ಹಾಜಿರಾ ಬೀ ಬಾಗಿಲಿಗೆ ಬಂದಳು. ಅವಳು ಕಾರಿನ ಡ್ರೈವರ್ ಬಾಬು ಜಾನ್‌ನ ತಾಯಿ. ಪಕ್ಕದಲ್ಲಿ ಮೊಮ್ಮಗಳು ಮಾಹೀನ್, ಬೆನ್ನಿಗೆ ಕಾಲೇಜು ಬ್ಯಾಗು.

"ಸಿದ್ರಾಮಣ್ಣ, ನಮ್ಮೂರ್ಗೆ ಸಂಜೆ ಬಸ್ಸಿಲ್ದೆ ಈ ಮಗು ದಿನಾ ಅರ್ಧ ಪಾಠ ಬುಟ್ಟು ಓಡ್ಬತ್ತದೆ. ಇಂಗೇ ಆದ್ರೆ ಬರೋ ತಿಂಗ್ಳಿಂದ ಕಾಲೇಜು ಬುಡುಸ್ಬುಡ್ತೀವಿ ಅಂತಾವ್ರೆ ಮನೇಲಿ. ಇವತ್ತು ಬಸ್ಸು ತಕ್ಕೊಂಡೇ ಬರ್ಬೇಕು ಕಣಣ್ಣ."

"ತಕ್ಕೊಂಡೇ ಬತ್ತೀನಿ ಕಣಮ್ಮ!" ಸಿದ್ದರಾಮು ಎದೆ ಮುಟ್ಟಿಕೊಂಡ. ಹುಡುಗಿಯ ಮುಖ ನೋಡಿ ಅವನಿಗೆ ನಿಜಕ್ಕೂ ಕರುಳು ಚುರುಕ್ ಅಂದಿತ್ತು.

ಹೆಂಡತಿ ಪುಷ್ಪಾ ಮಾತ್ರ ಕಾರಿನ ಬಾಗಿಲಲ್ಲೇ ಅಡ್ಡ ನಿಂತಳು. "ಏನಂದ್ರೆ, ದಾರೀಲಿ ಎಲ್ಲೂ ಉಣ್ಬೇಡಿ. ಉಂಡ್ರೆ ನೀವು ಕೂತಲ್ಲೇ ನಿದ್ದೆ. ನನ್ನಾಣೆ."

"ಇವತ್ತು ಎಲೆ ಮುಂದೆ ಕೂತ್ರೆ ನಾನು ಗಂಡ್ಸೇ ಅಲ್ಲ" ಅಂದ ಸಿದ್ದರಾಮು.

ಊರು ದಾಟಿರಲಿಲ್ಲ, ರಸ್ತೆಗೆ ಅಡ್ಡವಾಗಿ ಶಾಮಿಯಾನ. ಪಂಚಾಯ್ತಿ ಅಧ್ಯಕ್ಷ ಕೆಂಪರಾಜನ ಮಗನ ಬೀಗರೂಟ. ನಮ್ಮ ಕಡೆ ಮದುವೆಗೆ ಹೋಗದಿದ್ದರೆ ಕ್ಷಮೆ ಉಂಟು, ಬೀಗರೂಟಕ್ಕೆ ಹೋಗದಿದ್ದರೆ ಇಲ್ಲ. ಮೇಲಾಗಿ ಪರಿಷತ್ತಿಗೆ ಓಟು ಹಾಕೋರೇ ಪಂಚಾಯ್ತಿ ಮೆಂಬರುಗಳು. ಅವರೆಲ್ಲ ಪಂಕ್ತಿಯಲ್ಲಿ ಸಾಲಾಗಿ ಕೂತು ಮೂಳೆ ಚೀಪುತ್ತಿದ್ದರು.

"ಕೈ ಮುಗುದು ಓಯ್ತೀನಿ ಕೆಂಪ್ರಾಜಣ್ಣ, ಸದನ ಅದೆ."

"ಓಗಿ, ಬ್ಯಾಡ ಅಂದೋರ್ಯಾರು? ಆದ್ರೆ ನಿಮ್ಗೇ ಅಂತ ಎಲೆ ಹಾಸ್ಬುಟ್ಟಿವ್ನಿ. ಹಾಸಿದ ಎಲೆ ಖಾಲಿ ಬುಟ್ಟೋದ್ರೆ ವಸ ಸೊಸೆಗೆ ಏಳ್ಗೆ ಆದದಾ? ನೀವೇ ಯೋಳಿ."

ಮೆಂಬರುಗಳು ಚೀಪೋದು ನಿಲ್ಲಿಸಿ ತಲೆ ಎತ್ತಿದರು. ಸಿದ್ದರಾಮು ಕೂತ. ಶಾಸ್ತ್ರಕ್ಕೆ ಒಂದು ತುತ್ತು ಅಂದುಕೊಂಡವನ ಎಲೆಗೆ ಮುದ್ದೆ ಬಿತ್ತು, ಬೋಟಿ ಗೊಜ್ಜು ಬಿತ್ತು, ಕೈಮಾ ಉಂಡೆ ಬಿತ್ತು. ಬಡಿಸುವವರು ಅವನನ್ನೇ ಸುತ್ತಿಕೊಂಡರು. ಕೊನೆಗೆ ಅವನು ಎಲೆಯ ಮೇಲೆ ಪೂರ್ತಿ ಬಾಗಿ, ಎರಡೂ ಕೈ ಅಡ್ಡ ಹಿಡಿದು, "ಬ್ಯಾಡಾ! ಸಾಕು! ಒಂದೂ ಬ್ಯಾಡಾ!" ಅಂತ ಕೂಗಿಕೊಂಡ. ಅವರು ಬೆರಳ ಸಂದಿಯಲ್ಲೇ ಸಾರು ಬಿಟ್ಟು ಹೋದರು.

"ಏನಾರ ಆಗ್ಲಿ, ಇನ್ನೆಲ್ಲೂ ನಿಲ್ಲುಸ್ಬೇಡ ಕಣ್ಲಾ" ಅಂತ ಕಾರು ಹತ್ತಿದ.

ಮದ್ದೂರಿನ ಹತ್ತಿರ ನಿಂಗಯ್ಯ ರಸ್ತೆ ಮಧ್ಯದಲ್ಲೇ ನಿಂತಿದ್ದ. ಅವನೂ ಪಂಚಾಯ್ತಿ ಅಧ್ಯಕ್ಷನೇ, ಅವನ ಮನೆಯಲ್ಲೂ ಬೀಗರೂಟವೇ. ಸಾಲದ್ದಕ್ಕೆ ಕೆಂಪರಾಜನಿಗೂ ಅವನಿಗೂ ಎಣ್ಣೆ ಸೀಗೆಕಾಯಿ. ಫೋನಿನಲ್ಲಿ ಸುದ್ದಿ ಆಗಲೇ ಬಂದಿತ್ತು.

"ಆ ಕೆಂಪ್ರಾಜನ ಮನೇಲಿ ಎರಡು ಮುದ್ದೆ ಉಂಡ್ರಂತೆ? ನಮ್ಮ ಮನೇದೇನು ಇಸವಾ?"

"ಅಯ್ಯೋ ನಿಂಗಯ್ಯಣ್ಣ, ವಟ್ಟೇಲಿ ಜಾಗಿಲ್ಲ."

"ಓಟ್ಗೆ ಜಾಗ ಅದೆ, ಊಟಕ್ಕಿಲ್ವಾ?"

ಇಲ್ಲಿ ಮೂರು ಮುದ್ದೆ. ಅಡ್ಡ ಹಿಡಿದ ಕೈ, "ಬ್ಯಾಡಾ ಬ್ಯಾಡಾ" ಅನ್ನೋ ಕೂಗು, ಬೆರಳ ಸಂದಿಯ ಸಾರು, ಎಲ್ಲ ಇನ್ನೊಂದು ಸಲ ಆಯಿತು. ಸಿದ್ದರಾಮು ಕಾರಿಗೆ ಬರುವಾಗ ದಿನ ತುಂಬಿದ ಎಮ್ಮೆಯ ಹಾಗೆ ನಡೆಯುತ್ತಿದ್ದ.

ಆದರೆ ಅವನ ಹಟ ದೊಡ್ಡದು. ಬೆಂಗಳೂರು ಮುಟ್ಟುವ ತನಕ ಕಣ್ಣಿಗೆ ನೀರು ಚಿಮುಕಿಸಿಕೊಂಡ, ತೊಡೆ ಚಿವುಟಿಕೊಂಡ. ಬಾಬು ಜಾನ್ ಬೇರೆ, "ಸಾ, ತೂಕಡುಸ್ಬ್ಯಾಡಿ, ಭಾಸಣ ಯೋಳಿ ಸಾ" ಅಂತ ಹಾರನ್ನು ಬಾರಿಸುತ್ತಲೇ ಇದ್ದ.

ಸದನದಲ್ಲಿ ಸಭಾಪತಿಗಳು ಹೆಸರು ಕರೆದಾಗ ಸಿದ್ದರಾಮು ಎದ್ದೇ ಎದ್ದ. ಮಾತಾಡಿಯೇ ಬಿಟ್ಟ!

"ಸ್ವಾಮಿ, ನಮ್ಮ ಮುತ್ತತ್ತಿ ರಸ್ತೇಲಿ ಸಂಜೆ ಮೇಲೆ ಒಂದು ಬಸ್ಸಿಲ್ಲ. ಹೆಣ್ಣುಮಕ್ಕಳು ಪಾಠ ಬಿಟ್ಟು ಓಡಿ ಬರ್ತವೆ. ಬಸ್ಸಿಲ್ಲ ಅನ್ನೋ ಕಾರಣಕ್ಕೆ ಒಂದು ಮಗು ಕಾಲೇಜು ಬಿಡ್ತದೆ ಅಂದ್ರೆ, ನಾವು ಇಲ್ಲಿ ಕೂತು ಏನು ಮಾಡ್ತಿದೀವಿ ಸ್ವಾಮಿ?"

ಎರಡೂ ಕಡೆಯವರು ಮೇಜು ಕುಟ್ಟಿದರು. ಸಿದ್ದರಾಮುಗೆ ಕಣ್ಣು ತುಂಬಿ ಬಂತು. ಕೂತ. ಕೂತದ್ದೇ ತಪ್ಪಾಯಿತು ನೋಡಿ. ಮೆತ್ತನೆ ಕುರ್ಚಿ, ತಣ್ಣನೆ ಏಸಿ, ಒಳಗೆ ಐದು ಮುದ್ದೆ, ಎದುರಿಗೆ ಅಂಕಿಅಂಶ ಓದುವ ಮಂತ್ರಿ. ದೇವರೇ ಆಗಿದ್ದರೂ ತೂಕಡಿಸುತ್ತಿದ್ದ.

ಓದಿ ಮುಗಿಸಿದ ಮಂತ್ರಿಗಳು ಕನ್ನಡಕ ತೆಗೆದು ನಕ್ಕರು. "ಮಾನ್ಯ ಸದಸ್ಯರು ಮೊದಲ ಸಲ ಕೇಳಿದ್ದಾರೆ. ಬೆಳಿಗ್ಗೆ ಒಂದು, ಸಂಜೆ ಒಂದು, ಎರಡು ಬಸ್ಸು ಕೊಡ್ತೀವಿ. ಸಾಕಾ, ಇನ್ನೊಂದು ಬೇಕಾ?"

ಪಕ್ಕದವರು ಮೊಣಕೈಯಲ್ಲಿ ತಿವಿದರು. ಸಿದ್ದರಾಮು ಕಣ್ಣು ಬಿಡಲಿಲ್ಲ. ಗಪ್ಪನೆ ಮುಂದಕ್ಕೆ ಬಾಗಿ, ಎರಡೂ ಕೈಯನ್ನು ಮೇಜಿನ ಮೇಲೆ ಅಡ್ಡ ಹಿಡಿದು, ಕೂಗಿದ.

"ಬ್ಯಾಡಾ! ಒಂದೂ ಬ್ಯಾಡಾ! ಆಗ್ಲೇ ಜಾಸ್ತಿ ಆಗದೆ, ಆ ಕಡಿಕ್ ತಕ್ಕೊಂಡೋಗಿ!"

ಈ ಸಲ ಮೈಕು ಆನ್ ಇತ್ತು.

"ಸದಸ್ಯರೇ ಬೇಡ ಅಂದಮೇಲೆ ಸರ್ಕಾರ ಏನು ಮಾಡೋಕಾಗುತ್ತೆ?" ಅಂದರು ಸಭಾಪತಿಗಳು. "ಮುಂದಿನ ವಿಷಯ."

"ಅಯ್ಯೋ! ಅದು ಬಸ್ಗಲ್ಲ ಸ್ವಾಮಿ, ಬೋಟಿ ಗೊಜ್ಗೆ ಅಂದಿದ್ದು!" ಸಿದ್ದರಾಮು ಹಾರಿ ಎದ್ದ. ಸದನ ಬಿದ್ದು ಬಿದ್ದು ನಕ್ಕಿತು. ಆ ಗಲಾಟೆ ತಣ್ಣಗಾಗುವಷ್ಟರಲ್ಲಿ ಅಧಿವೇಶನವೇ ಮುಗಿದಿತ್ತು.

ಸಂಜೆ ಮನೆ ಮುಂದೆ ಕಾರು ನಿಂತಾಗ ಹಾಜಿರಾ ಬೀ ಜಗುಲಿ ಮೇಲೆ ಕೂತಿದ್ದಳು. ಟೀವಿಯಲ್ಲಿ ಎಲ್ಲ ನೋಡಿಯಾಗಿತ್ತು. ಕೂಗಾಡಿದ್ದರೆ ಸಿದ್ದರಾಮುಗೆ ಸಮಾಧಾನ ಆಗುತ್ತಿತ್ತು. ಅವಳು ಕೂಗಾಡಲಿಲ್ಲ.

"ನಿಂಗೆ ಬಸ್ಸು ಬ್ಯಾಡ್ದಿದ್ರೆ ಬುಡಣ್ಣ. ನಮ್ಗೆ ಬೇಕು. ಬಸ್ಸು ಬರೋಗಂಟ ನಿನ್ನ ಕಾರೇ ನಮ್ಮ ಬಸ್ಸು."

ಸಿದ್ದರಾಮು ಹೆಂಡತಿಯ ಕಡೆ ನೋಡಿದ. ಪುಷ್ಪಾ ಆಗಲೇ ಕಾರಿನ ಕೀ ತೆಗೆದು ಹಾಜಿರಾ ಬೀ ಕೈಗೆ ಇಟ್ಟಿದ್ದಳು.

ಮಾರನೇ ಬೆಳಿಗ್ಗೆ ಪಕ್ಷದ ಅಧ್ಯಕ್ಷರಿಗೆ ಸಮಜಾಯಿಷಿ ಹೇಳೋಕೆ ಮಂಡ್ಯಕ್ಕೆ ಹೊರಟ ಸಿದ್ದರಾಮು ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಬಿಸಿಲಿಗೆ ನಿಂತಿದ್ದ. ಬಂದ ಬಸ್ಸುಗಳಲ್ಲಿ ಕಾಲಿಡೋಕೂ ಜಾಗ ಇರಲಿಲ್ಲ. ಅಷ್ಟರಲ್ಲಿ ಅವನದೇ ಕಾರು ಹುಡುಗಿಯರನ್ನು ತುಂಬಿಕೊಂಡು ಎದುರಿಗೆ ಬಂದು ನಿಂತಿತು. ಮಾಹೀನ್ ಕಿಟಕಿಯಿಂದ ತಲೆ ಹಾಕಿದಳು.

"ಮಾವ, ವಸಿ ಜರುಗ್ಕೊತೀವಿ. ನಮ್ಮನ್ನ ಕಾಲೇಜ್ತಾವ ಬುಟ್ಟು ಅಪ್ಪ ನಿಮ್ಮನ್ನ ಮಂಡ್ಯಕ್ಕೇ ಬುಡ್ತದೆ. ಇನ್ನೊಬ್ರಿಗೆ ಜಾಗ ಅದೆ, ಬೇಕಾ?"

ಸಿದ್ದರಾಮುಗೆ ಜೀವ ಬಂತು. ಬಾಯಿ ತೆರೆದ. ಆದರೆ ಹಿಂದಿನ ದಿನವೆಲ್ಲ ಪಳಗಿದ ಎರಡೂ ಕೈ ತಾವಾಗೇ ಅಡ್ಡ ಎದ್ದವು.

"ಬ್ಯಾಡಾ! ಒಂದೂ ಬ್ಯಾಡಾ!"

ಸದಸ್ಯರೇ ಬೇಡ ಅಂದಮೇಲೆ ಬಾಬು ಜಾನ್ ತಾನೇ ಏನು ಮಾಡ್ಯಾನು? ಗೇರ್ ಹಾಕಿ ಹೊರಟ.